ಖಾಸಗಿ ಇಂಗ್ಲಿಷ್ ಪಾಠಶಾಲೆಗಳ ಅಲ್ಪಾಯುಷ್ಯ: ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಕುರಿತು ಒಂದು ವಿವೇಚನೆ

೧. ವಿಷಯ ನಿರೂಪಣೆ

ಬೇಡಿಕೆಯಿದ್ದಲ್ಲಿ ಅಂಗಡಿ ಬೆಳೆಯುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಇಂಗ್ಲಿಷ್ ಕಲಿಯಬೇಕೆಂಬ ಹಂಬಲವಿಲ್ಲದ ಮನೆ ಇಂದು ಮಂಡ್ಯದ ಸೀಮೆಯಲ್ಲಿ ಇಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಹಾಗಿದ್ದೂ ಇಂಗ್ಲಿಷನ್ನೇ ಮಾರುವ ಖಾಸಗಿ ಪಾಠಶಾಲೆಗಳು ಇಲ್ಲಿ ಬಹುಕಾಲ ಬಾಳುವುದಿಲ್ಲ. ಜೂನ್ ತಿಂಗಳಲ್ಲಿ ಬಸ್ ನಿಲ್ದಾಣದ ಸಮೀಪದ ಒಂದು ಮಹಡಿಯ ಮೇಲೆ ಹೊಸ ಬೋರ್ಡು ಏರುತ್ತದೆ. ಎರಡು ಮೂರು ವರ್ಷಗಳೊಳಗೆ ಆ ಜಾಗದಲ್ಲಿ ಬೇರೊಂದು ಬೋರ್ಡು ಕಾಣುತ್ತದೆ. ಬೇಡಿಕೆ ಇಷ್ಟಿದ್ದೂ ವ್ಯಾಪಾರ ಏಕೆ ನಿಲ್ಲದು? ಈ ವಿರೋಧಾಭಾಸದ ಕಾರಣಗಳನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪಾಠಶಾಲೆಯೆಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಸಂಸ್ಥೆಗಳು ಸೇರಿಹೋಗಿವೆ. ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ವಿಷಯದಲ್ಲಿ ಅನುತ್ತೀರ್ಣರಾದವರನ್ನು ದಡ ಹತ್ತಿಸುವ ಟ್ಯುಟೋರಿಯಲ್ ಮೊದಲನೆಯದು. ಶಾಲೆಯ ಪಾಠವನ್ನೇ ಸಂಜೆ ಮತ್ತೊಮ್ಮೆ ಹೇಳಿಕೊಡುವ ಮನೆಪಾಠ ಎರಡನೆಯದು. ಇದನ್ನು ಜನ ಟ್ಯೂಷನ್ ಎನ್ನುತ್ತಾರೆ. ಮಾತನಾಡುವುದನ್ನು ಕಲಿಸುತ್ತೇವೆಂದು ಹೇಳಿಕೊಳ್ಳುವ ‘ಸ್ಪೋಕನ್ ಇಂಗ್ಲಿಷ್’ ಕೇಂದ್ರ ಮೂರನೆಯದು. ಇವುಗಳಲ್ಲಿ ಮನೆಪಾಠ ಮಾತ್ರ ತಕ್ಕಮಟ್ಟಿಗೆ ಉಳಿದುಕೊಳ್ಳುತ್ತದೆ, ಉಳಿದೆರಡು ಕ್ಷೀಣಿಸುತ್ತವೆ. ಈ ವ್ಯತ್ಯಾಸಕ್ಕೂ ಕಾರಣವುಂಟು. ಅದನ್ನು ಮುಂದೆ ನೋಡೋಣ.

೨. ಸೀಮೆಯ ಹಿನ್ನೆಲೆ

ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ರೂಪುಗೊಂಡದ್ದು ೧೯೩೯ರಲ್ಲಿ. ೧೯೧೧ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರ, ಅದರಿಂದ ಹೊರಟು ಮೊದಲು ಇರ್ವಿನ್ ನಾಲೆಯೆಂದೂ ಬಳಿಕ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆ, ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ, ಇವು ಮೂರೂ ಈ ಸೀಮೆಯ ಬಾಳಿನ ಗತಿಯನ್ನು ಬದಲಿಸಿದವು. ನೀರಿನ ಹಿಂದೆ ಕಬ್ಬೂ ಕಬ್ಬಿನ ಹಿಂದೆ ಹಣವೂ ಹಣದ ಹಿಂದೆ ವಿದ್ಯೆಯ ಆಸೆಯೂ ಬಂದವು. ಕೆ. ವಿ. ಶಂಕರಗೌಡರಂತಹವರ ಪ್ರಯತ್ನದಿಂದ ೧೯೬೨ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾದುದು ಆ ಆಸೆಯ ಸಾರ್ವಜನಿಕ ರೂಪವೆನ್ನಬಹುದು.

೨೦೧೧ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ೧೮,೦೫,೭೬೯. ಇದರಲ್ಲಿ ನೂರಕ್ಕೆ ಸುಮಾರು ೮೩ ಮಂದಿ ಗ್ರಾಮವಾಸಿಗಳು. ಸಾಕ್ಷರತೆ ನೂರಕ್ಕೆ ಸುಮಾರು ೭೦. ಅದರ ಹಿಂದಿನ ಹತ್ತು ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆ ನೂರಕ್ಕೆ ಎರಡೂವರೆಯಷ್ಟೂ ಹೆಚ್ಚಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಹುಟ್ಟುವವರು ಕಡಮೆಯಾದುದರ ಜೊತೆಗೆ ಪ್ರಾಯದವರು ಬೆಂಗಳೂರು, ಮೈಸೂರುಗಳಿಗೆ ಹೊರಟುಹೋಗುವುದೂ ಇದಕ್ಕೆ ಕಾರಣ. ಪಾಠಶಾಲೆ ನಡೆಸುವವನ ದೃಷ್ಟಿಯಿಂದ ಇದರ ಅರ್ಥ ಸ್ಪಷ್ಟವಾಗಿದೆ: ಅವನ ಗಿರಾಕಿಗಳ ಗುಂಪು ಬೆಳೆಯುತ್ತಿಲ್ಲ.

ಭಾಷಾನೀತಿಯ ಏರಿಳಿತಗಳನ್ನೂ ಇಲ್ಲಿ ಸ್ಮರಿಸಬೇಕು. ೧೯೯೪ರ ಸರ್ಕಾರಿ ಆದೇಶ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ವಿಧಿಸಿತು. ೨೦೦೭–೦೮ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದರು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಮಾಧ್ಯಮದ ಆಯ್ಕೆ ಪೋಷಕರಿಗೆ ಸೇರಿದ್ದೆಂದು ತೀರ್ಪಿತ್ತಿತು. ೨೦೧೯–೨೦ರಲ್ಲಿ ಆಯ್ದ ೧,೦೦೦ ಸರ್ಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಹಿಂದೆ ಐದನೆಯ ತರಗತಿಯಲ್ಲಿ ಇಂಗ್ಲಿಷಿನ ಅಕ್ಷರ ಕಾಣುತ್ತಿದ್ದ ಮಗುವಿಗೆ ಹೊರಗಿನ ಪಾಠ ಅನಿವಾರ್ಯವಾಗಿತ್ತು. ಈಗ ಶಾಲೆಯೇ ಆ ಸರಕನ್ನು, ಒಳ್ಳೆಯದೋ ಕೆಟ್ಟದೋ, ಅಂಗಳದಲ್ಲಿಯೇ ಇಟ್ಟುಕೊಂಡಿದೆ. ಮಗನನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿ ಶುಲ್ಕ ಕಟ್ಟಿದ ತಂದೆ, ಅದೇ ಇಂಗ್ಲಿಷಿಗಾಗಿ ಎರಡನೆಯ ಸಲ ಹಣ ತೆರಲು ಸಹಜವಾಗಿಯೇ ಹಿಂಜರಿಯುತ್ತಾನೆ.

೩. ಹಣ ಬರುವ ಕಾಲ, ಶುಲ್ಕ ಕೇಳುವ ಕಾಲ

ಪಾಠಶಾಲೆ ತಿಂಗಳು ತಿಂಗಳಿಗೆ ಶುಲ್ಕವನ್ನು ಬಯಸುತ್ತದೆ. ಕಬ್ಬು ತಿಂಗಳು ತಿಂಗಳಿಗೆ ಹಣ ಕೊಡುವುದಿಲ್ಲ. ನೆಟ್ಟ ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ಕಬ್ಬು ಸರಬರಾಜಾದ ೧೪ ದಿನಗಳೊಳಗೆ ಬೆಲೆಯನ್ನು ಪಾವತಿ ಮಾಡಬೇಕೆಂದು ೧೯೬೬ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆಯಾದರೂ ಬಾಕಿಯ ಗೋಳು ರೈತನಿಗೆ ಹೊಸದಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ ಕೆಲವು ವರ್ಷ ಅರೆಯುವುದನ್ನೇ ನಿಲ್ಲಿಸಿದ್ದು ೨೦೨೨ರಲ್ಲಿ ಪುನರಾರಂಭವಾಯಿತು. ಕಾವೇರಿಯ ನೀರು ಸಾಲದೆ ವಿವಾದವೆದ್ದ ೨೦೧೬, ೨೦೨೩ರಂತಹ ವರ್ಷಗಳಲ್ಲಿ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ಹಳ್ಳಿಗಳಿಗೆ ಬೆಳೆಯ ಭರವಸೆಯೇ ಇರಲಿಲ್ಲ. ಇಂತಹ ವರ್ಷದಲ್ಲಿ ಮನೆಯ ಯಜಮಾನ ಮೊದಲು ಕಡಿತ ಮಾಡುವ ವೆಚ್ಚ ಯಾವುದು? ಶಾಲೆಯ ಶುಲ್ಕವನ್ನು ನಿಲ್ಲಿಸಲಾರ. ಸಂಜೆಯ ಇಂಗ್ಲಿಷ್ ಪಾಠವನ್ನು ನಿಲ್ಲಿಸಬಲ್ಲ.

ಇದಕ್ಕೆ ಪ್ರತಿಯಾಗಿ ಹಾಲು ಮತ್ತು ರೇಷ್ಮೆ ಬೇಗ ಹಣ ತರುವ ಕಸುಬುಗಳು. ಜಿಲ್ಲೆಯ ಹಾಲು ಒಕ್ಕೂಟದ ಕೇಂದ್ರ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿದೆ. ಹಾಲಿನ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಕೈಸೇರುತ್ತದೆ. ಅದು ಬಹುಮಟ್ಟಿಗೆ ಮನೆಯ ಹೆಂಗಸರ ಕೈಯಲ್ಲಿ ಉಳಿಯುವ ಹಣ. ಮಕ್ಕಳ ಮನೆಪಾಠಕ್ಕೆ ಸಲ್ಲುವ ಚಿಕ್ಕ ಮೊತ್ತಗಳು ಹೆಚ್ಚಾಗಿ ಈ ಹಣದಿಂದ ಬರುತ್ತವೆ. ಆದುದರಿಂದಲೇ ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ, ತಡವಾದರೂ ಸೈರಿಸಿ ಹಣ ಪಡೆಯುವ ಬೀದಿಯ ಅಕ್ಕನ ಮನೆಪಾಠ ಉಳಿಯುತ್ತದೆ. ಮೂರು ತಿಂಗಳ ಶುಲ್ಕವನ್ನು ಒಟ್ಟಿಗೆ ಮುಂಗಡವಾಗಿ ಕೇಳುವ ಕೇಂದ್ರ ಉಳಿಯುವುದಿಲ್ಲ.

೪. ಒಂದು ತರಗತಿಯ ಲೆಕ್ಕ

ವಿಷಯವನ್ನು ವಿಶದಪಡಿಸಲು ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಇಲ್ಲಿಯ ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು. ಯಾವುದೇ ಒಂದು ಸಂಸ್ಥೆಯ ಲೆಕ್ಕವಲ್ಲ. ತಿಂಗಳಿಗೆ ಬಾಡಿಗೆ ೬,೦೦೦ ರೂಪಾಯಿ, ವಿದ್ಯುಚ್ಛಕ್ತಿ ಮತ್ತು ಇತರ ಖರ್ಚು ೧,೫೦೦, ಒಬ್ಬ ಅಧ್ಯಾಪಕನ ಸಂಬಳ ೧೨,೦೦೦, ವಿದ್ಯಾರ್ಥಿಯೊಬ್ಬನ ಶುಲ್ಕ ೬೦೦ ಎಂದಿಟ್ಟುಕೊಳ್ಳೋಣ. ತಿಂಗಳ ಖರ್ಚು ೧೯,೫೦೦ ರೂಪಾಯಿ. ಅದನ್ನು ಸರಿದೂಗಿಸಲು ಕನಿಷ್ಠ ೩೩ ಮಂದಿ ವಿದ್ಯಾರ್ಥಿಗಳು ಬೇಕು.

ಇವರನ್ನು ಒಂದೇ ತರಗತಿಯಲ್ಲಿ ಕೂರಿಸಿದರೆ ಏನಾಗುತ್ತದೆ? ೬೦ ನಿಮಿಷಗಳಲ್ಲಿ ಅಧ್ಯಾಪಕನ ವಿವರಣೆಗೆ ೧೫ ನಿಮಿಷ ಹೋದರೆ ಉಳಿದ ೪೫ ನಿಮಿಷಗಳನ್ನು ೩೩ ಮಂದಿ ಹಂಚಿಕೊಳ್ಳಬೇಕು. ತಲೆಗೆ ಒಂದೂವರೆ ನಿಮಿಷವೂ ಬರುವುದಿಲ್ಲ. ದಿನಕ್ಕೆ ಒಂದೂವರೆ ನಿಮಿಷ ಬಾಯಿ ತೆರೆದು ಯಾವ ಭಾಷೆಯನ್ನು ಯಾರು ಕಲಿಯಬಲ್ಲರು? ಹನ್ನೆರಡು ಮಂದಿಯಂತೆ ಮೂರು ತಂಡ ಮಾಡಿದರೆ ತಲೆಗೆ ಸುಮಾರು ನಾಲ್ಕು ನಿಮಿಷ ಸಿಗುತ್ತದೆ. ೩೬ ಮಂದಿಯಿಂದ ೨೧,೬೦೦ ರೂಪಾಯಿ ಬರುತ್ತದೆ. ಖರ್ಚು ಕಳೆದು ಯಜಮಾನನಿಗೆ ಉಳಿಯುವುದು ೨,೧೦೦.

ಆದರೆ ವಿದ್ಯಾರ್ಥಿಗಳು ವರ್ಷದ ಹನ್ನೆರಡು ತಿಂಗಳೂ ಬರುವುದಿಲ್ಲ. ಪರೀಕ್ಷೆ, ಬೇಸಿಗೆಯ ರಜೆ, ಹಬ್ಬ, ಊರ ಜಾತ್ರೆಗಳನ್ನು ಕಳೆದರೆ ಶುಲ್ಕ ಸಲ್ಲುವುದು ಸುಮಾರು ಒಂಬತ್ತು ತಿಂಗಳು. ಆಗ ವರ್ಷದ ವರಮಾನ ೧,೯೪,೪೦೦ ರೂಪಾಯಿ. ಬಾಡಿಗೆಯಾದರೋ ಹನ್ನೆರಡು ತಿಂಗಳಿಗೂ ಸಲ್ಲಬೇಕು: ೭೨,೦೦೦. ಇತರ ಖರ್ಚು ೧೮,೦೦೦. ಹತ್ತು ತಿಂಗಳ ಸಂಬಳ ೧,೨೦,೦೦೦. ಒಟ್ಟು ೨,೧೦,೦೦೦. ಬೆಂಚುಗಳೆಲ್ಲ ತುಂಬಿದ ವರ್ಷದಲ್ಲಿಯೂ ನಷ್ಟ ೧೫,೬೦೦ ರೂಪಾಯಿ. ಇದೇ ಪಾಠವನ್ನು ಒಬ್ಬ ಪದವೀಧರೆ ತನ್ನ ಮನೆಯ ಪಡಸಾಲೆಯಲ್ಲಿ ತಾನೇ ಹೇಳಿದರೆ ಬಾಡಿಗೆಯೂ ಸಂಬಳವೂ ಇಲ್ಲ; ವರ್ಷಕ್ಕೆ ೧,೭೬,೪೦೦ ರೂಪಾಯಿ ಆ ಮನೆಗೇ ಉಳಿಯುತ್ತದೆ. ಮನೆಪಾಠ ಬಾಳಿ ಸಂಸ್ಥೆ ಬೀಳುವುದರ ರಹಸ್ಯ ಇದೇ.

ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ ಸಂಗೀತ, ನಾಟಕಗಳ ಕಂಪನಿಗಳನ್ನು ಕುರಿತು ವಿಲಿಯಂ ಬೋವೆನ್ ಜೊತೆಗೂಡಿ ೧೯೬೬ರಲ್ಲಿ ಪ್ರಕಟಿಸಿದ ವಿಚಾರ ಇಲ್ಲಿಗೂ ಅನ್ವಯಿಸುತ್ತದೆ. ಕಾರ್ಖಾನೆಯ ಕೆಲಸಗಾರ ಯಂತ್ರದ ನೆರವಿನಿಂದ ಮೊದಲಿಗಿಂತ ಹೆಚ್ಚು ಸರಕು ತಯಾರಿಸಬಲ್ಲ. ನಾಲ್ವರು ನುಡಿಸಬೇಕಾದ ವಾದ್ಯಮೇಳವನ್ನು ಇಬ್ಬರು ನುಡಿಸಲಾರರು. ಮಾತು ಕಲಿಸುವುದೂ ಇಂತಹದೇ. ಬಾಡಿಗೆ, ಸಂಬಳಗಳು ಊರಿನ ಇತರ ಕಸುಬುಗಳ ಜೊತೆ ಏರುತ್ತವೆ. ಒಬ್ಬ ಅಧ್ಯಾಪಕ ಒಂದು ಗಂಟೆಯಲ್ಲಿ ಮಾತನಾಡಿಸಬಲ್ಲ ಮಕ್ಕಳ ಸಂಖ್ಯೆ ಮಾತ್ರ ಏರುವುದಿಲ್ಲ.

೫. ಪರೀಕ್ಷೆಯ ಒಲವು

ಪೋಷಕರು ವಿದ್ಯೆಗೆ ಹಣ ಸುರಿಯುವುದಿಲ್ಲವೆಂದಲ್ಲ; ಎಲ್ಲಿ ಅಂಕ ಎಣಿಕೆಗೆ ಬರುತ್ತದೆಯೋ ಅಲ್ಲಿ ಸುರಿಯುತ್ತಾರೆ. ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಕಡ್ಡಾಯ ವಿಷಯವೇನೋ ಹೌದು. ಆದರೆ ಎಂಜಿನಿಯರಿಂಗ್ ಪ್ರವೇಶಕ್ಕೆ ಕರ್ನಾಟಕದ ಸಿ.ಇ.ಟಿ. ಶ್ರೇಯಾಂಕವನ್ನು ನಿರ್ಣಯಿಸುವಾಗ ಲೆಕ್ಕಕ್ಕೆ ಹಿಡಿಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳನ್ನು. ವೈದ್ಯಕೀಯ ಪ್ರವೇಶದ ‘ನೀಟ್’ ಪರೀಕ್ಷೆಯಲ್ಲಿ ಇರುವುದು ಭೌತ, ರಸಾಯನ, ಜೀವಶಾಸ್ತ್ರಗಳು. ಇಂಗ್ಲಿಷಿನಲ್ಲಿ ತೇರ್ಗಡೆಯಾದರೆ ಸಾಕು. ಅಲ್ಲಿ ಗಳಿಸಿದ ಹೆಚ್ಚಿನ ಅಂಕ ಸೀಟನ್ನು ತರುವುದಿಲ್ಲ. ಆದುದರಿಂದ ಮನೆಯಲ್ಲಿರುವ ಸ್ವಲ್ಪ ಹಣವೂ ಹುಡುಗನ ಸಂಜೆಯ ಎರಡು ಗಂಟೆಗಳೂ ಗಣಿತ, ವಿಜ್ಞಾನಗಳ ಪಾಲಾಗುತ್ತವೆ.

ಅನುತ್ತೀರ್ಣರನ್ನು ನಂಬಿದ್ದ ಟ್ಯುಟೋರಿಯಲ್‌ಗಳ ಗತಿಯೂ ಬದಲಾಗಿದೆ. ಹಿಂದೆ ಒಂದು ವಿಷಯ ಬಿದ್ದುಹೋದರೆ ಮುಂದಿನ ಪರೀಕ್ಷೆಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಆ ಕಾಯುವ ತಿಂಗಳುಗಳೇ ಟ್ಯುಟೋರಿಯಲಿನ ಸುಗ್ಗಿ. ಪೂರಕ ಪರೀಕ್ಷೆಗಳು ಹತ್ತಿರ ಹತ್ತಿರ ಬಂದಂತೆ ಆ ಅವಧಿ ಕುಗ್ಗಿತು. ೨೦೨೩–೨೪ರ ಸಾಲಿನಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯನ್ನು ಜಾರಿಗೆ ತಂದಾಗ, ಬಿದ್ದ ವಿದ್ಯಾರ್ಥಿಗೆ ಕೆಲವೇ ವಾರಗಳಲ್ಲಿ ಮತ್ತೊಂದು ಅವಕಾಶ ದೊರೆಯಿತು. ವಿದ್ಯಾರ್ಥಿಯ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಹಿತಕರ. ಟ್ಯುಟೋರಿಯಲಿಗೆ ಮಾತ್ರ ಅದರ ಋತುವೇ ಇಲ್ಲದಂತಾಯಿತು.

ಇಂಗ್ಲಿಷಿನ ನಿಜವಾದ ಅಗತ್ಯ ತಲೆದೋರುವುದು ಪದವಿಯ ಬಳಿಕ: ಬ್ಯಾಂಕಿನ ನೇಮಕಾತಿ ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲಿ, ಕಂಪನಿಯ ಸಂದರ್ಶನದ ಕೊಠಡಿಯಲ್ಲಿ. ಆ ಹೊತ್ತಿಗೆ ಮಳವಳ್ಳಿಯ ಹುಡುಗ ಮಳವಳ್ಳಿಯಲ್ಲಿರುವುದಿಲ್ಲ. ಬೆಂಗಳೂರಿನ ಯಾವುದೋ ಕೊಠಡಿಯಲ್ಲಿ ನಾಲ್ವರು ಗೆಳೆಯರ ಜೊತೆ ಇರುತ್ತಾನೆ. ಹಸಿವು ಒಂದು ಊರಿನಲ್ಲಿ, ಅಡಿಗೆ ಇನ್ನೊಂದು ಊರಿನಲ್ಲಿ ಎಂಬಂತಾಗಿದೆ.

೬. ದಾರಿ ಮತ್ತು ಅಧ್ಯಾಪಕ

ಮಂಡ್ಯದಿಂದ ಮೈಸೂರಿಗೆ ಸುಮಾರು ೪೫ ಕಿಲೋಮೀಟರ್, ಬೆಂಗಳೂರಿಗೆ ಸುಮಾರು ೧೦೦. ಮಂಡ್ಯ, ಮದ್ದೂರುಗಳು ರೈಲು ದಾರಿಯ ಮೇಲಿವೆ. ಮಳವಳ್ಳಿಗೆ ರೈಲಿಲ್ಲ, ಬಸ್ಸೇ ಗತಿ. ೨೦೨೩ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷದ ಜೂನ್‌ನಲ್ಲಿ ಶಕ್ತಿ ಯೋಜನೆಯಡಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಇದು ದೊಡ್ಡ ಅನುಕೂಲ. ಆದರೆ ದೊಡ್ಡ ಊರು ಹತ್ತಿರವಾದಷ್ಟೂ ಚಿಕ್ಕ ಊರಿನ ಅಂಗಡಿ ಸೊರಗುವುದು ವ್ಯಾಪಾರದ ಹಳೆಯ ನಿಯಮ. ಹಣವೂ ಉತ್ಸಾಹವೂ ಉಳ್ಳವರು ಮೈಸೂರಿಗೆ ಹೋಗುತ್ತಾರೆ. ಎರಡೂ ಕಡಮೆಯಿರುವವರು ಊರಿನಲ್ಲಿ ಉಳಿಯುತ್ತಾರೆ. ಸ್ಥಳೀಯ ಕೇಂದ್ರಕ್ಕೆ ಒದಗುವುದು ಕಲಿಸಲು ಹೆಚ್ಚು ಶ್ರಮ ಬೇಡುವ, ಶುಲ್ಕ ಕೊಡಲು ಕಷ್ಟಪಡುವ ವಿದ್ಯಾರ್ಥಿಗಳು.

ಅಧ್ಯಾಪಕರ ವಿಷಯವೂ ಹೀಗೆಯೇ. ಚೆನ್ನಾಗಿ ಇಂಗ್ಲಿಷ್ ಬಲ್ಲ ತರುಣನಿಗೆ ಅದೇ ವಿದ್ಯೆ ಬೆಂಗಳೂರಿನಲ್ಲಿ ಹಲವು ಪಾಲು ಹೆಚ್ಚು ಸಂಬಳ ತರುತ್ತದೆ. ಊರಿನಲ್ಲೇ ಉಳಿದವನು ಒಂದೆರಡು ವರ್ಷ ಕೇಂದ್ರದಲ್ಲಿ ಪಾಠ ಹೇಳಿ ಮಕ್ಕಳ ವಿಶ್ವಾಸ ಗಳಿಸಿದೊಡನೆ ತನ್ನದೇ ಮನೆಪಾಠ ಆರಂಭಿಸುತ್ತಾನೆ. ಒಂದು ಕರಿಹಲಗೆ, ಹತ್ತು ಕುರ್ಚಿಗಳಿಗಿಂತ ಹೆಚ್ಚಿನ ಬಂಡವಾಳ ಇದಕ್ಕೆ ಬೇಡ. ವಿದ್ಯಾರ್ಥಿಗಳು ಬೋರ್ಡನ್ನು ನೋಡಿ ಬಂದವರಲ್ಲ, ಮೇಷ್ಟರನ್ನು ನೋಡಿ ಬಂದವರು. ಅವರೂ ಹಿಂದೆಯೇ ಹೋಗುತ್ತಾರೆ. ಹೀಗೆ ಪಾಠಶಾಲೆಯ ಮುಖ್ಯ ಆಸ್ತಿ ಪ್ರತಿದಿನ ಸಂಜೆ ಬಾಗಿಲು ದಾಟಿ ನಡೆದುಹೋಗುವಂತಹದು.

೭. ಕಾಣದ ಸರಕು

ಬಟ್ಟೆಯನ್ನು ಮುಟ್ಟಿ ನೋಡಬಹುದು. ಬೆಲ್ಲವನ್ನು ಬಾಯಿಗೆ ಹಾಕಿ ನೋಡಬಹುದು. ಆರು ತಿಂಗಳ ಬಳಿಕ ಬರುವ ಭಾಷಾಜ್ಞಾನವನ್ನು ಇಂದು ಪರೀಕ್ಷಿಸಿ ಕೊಳ್ಳಲಾಗದು. ಇಂಗ್ಲಿಷ್ ಬಾರದ ತಂದೆಗೆ ಮಗನ ಇಂಗ್ಲಿಷ್ ಸುಧಾರಿಸಿತೋ ಇಲ್ಲವೋ ಎಂದು ತಿಳಿಯುವುದೂ ದುಸ್ತರ. ಕೊಳ್ಳುವವನಿಗೆ ಗುಣ ಕಾಣದ ಪೇಟೆಯಲ್ಲಿ ಒಳ್ಳೆಯ ಸರಕು ಕೆಟ್ಟದರ ಬೆಲೆಗೇ ಇಳಿದು ಕೊನೆಗೆ ಪೇಟೆಯನ್ನೇ ಬಿಡುತ್ತದೆಂದು ಜಾರ್ಜ್ ಅಕರ್‌ಲಾಫ್ ೧೯೭೦ರಲ್ಲಿ ಹಳೆಯ ಮೋಟಾರು ಕಾರುಗಳ ಉದಾಹರಣೆಯಿಂದ ತೋರಿಸಿದನು. ಈ ಬಗೆಯ ವಿಚಾರಕ್ಕಾಗಿಯೇ ೨೦೦೧ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಅವನು ಪಾಲು ಪಡೆದನು. ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆಂಬ ಬೋರ್ಡಿನ ಪಕ್ಕದಲ್ಲಿ ಎರಡು ವರ್ಷ ಬೇಕೆಂದು ನಿಜ ಹೇಳುವವನ ಬೋರ್ಡಿಗೆ ಗಿರಾಕಿಗಳಿಲ್ಲ. ಮೂವತ್ತು ದಿನ ಕಳೆದ ಮೇಲೆ ನಿರಾಶರಾದವರು ಆ ಒಂದು ಕೇಂದ್ರವನ್ನಷ್ಟೇ ಅಲ್ಲ, ಇಂತಹ ಎಲ್ಲ ಕೇಂದ್ರಗಳನ್ನೂ ಶಂಕಿಸುತ್ತಾರೆ.

ಇದು ಚಿಕ್ಕ ಊರುಗಳ ದೋಷವೆಂದು ಭಾವಿಸಬೇಕಾಗಿಲ್ಲ. ಜಪಾನಿನಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸುವ ಸಂಸ್ಥೆಗಳಲ್ಲಿ ಅತ್ಯಂತ ದೊಡ್ಡದಾಗಿದ್ದ ‘ನೋವಾ’ ೨೦೦೭ರ ಅಕ್ಟೋಬರಿನಲ್ಲಿ ಕುಸಿದುಬಿದ್ದಿತು. ಪಾಠಗಳ ಹಣವನ್ನು ಮುಂಗಡವಾಗಿ ಪಡೆಯುವುದು, ಶಾಖೆಗಳನ್ನು ಬೆಳೆಸುತ್ತಾ ಹೋಗುವುದು ಅದರ ಪದ್ಧತಿಯಾಗಿತ್ತು. ಮಧ್ಯದಲ್ಲಿ ಬಿಟ್ಟವರಿಗೆ ಹಣ ಹಿಂತಿರುಗಿಸುವ ರೀತಿ ನ್ಯಾಯಾಲಯದಲ್ಲಿ ಪ್ರಶ್ನಿತವಾಗಿ, ಸರ್ಕಾರ ಅದರ ವ್ಯವಹಾರದ ಒಂದು ಭಾಗವನ್ನು ತಡೆಹಿಡಿದೊಡನೆ ವಿಶ್ವಾಸವೂ ಅದರೊಂದಿಗೆ ಹೊಸ ಮುಂಗಡವೂ ನಿಂತುಹೋದವು. ಮುಂಗಡ ಹಣ ಲಾಭವಲ್ಲ, ಅದು ವಿದ್ಯಾರ್ಥಿಗೆ ಸಲ್ಲಬೇಕಾದ ಸಾಲ ಎಂಬ ಪಾಠ ಮದ್ದೂರಿಗೂ ಅನ್ವಯಿಸುತ್ತದೆ.

ನಮ್ಮ ದೇಶದಲ್ಲಿ ೨೦೨೪ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಸುಳ್ಳು ಭರವಸೆಗಳನ್ನು ನಿಷೇಧಿಸಿ, ಶುಲ್ಕದ ಮರುಪಾವತಿಯನ್ನು ವಿಧಿಸಿದೆ. ಆದರೆ ಅದು ೫೦ಕ್ಕಿಂತ ಹೆಚ್ಚು ವಿದ್ಯಾರ್ಥಿಗಳುಳ್ಳ ಕೇಂದ್ರಗಳನ್ನು ಉದ್ದೇಶಿಸಿದ್ದು. ಸಣ್ಣ ಊರಿನ ಕೇಂದ್ರ ಅದರ ಹೊರಗೆ ಉಳಿಯುತ್ತದೆ. ಬೆಳೆದು ವರ್ಷದ ವಹಿವಾಟು ೨೦ ಲಕ್ಷ ರೂಪಾಯಿ ದಾಟಿದರೆ ನೂರಕ್ಕೆ ೧೮ರಂತೆ ಸರಕು ಮತ್ತು ಸೇವಾ ತೆರಿಗೆ ಕಾದಿರುತ್ತದೆ. ಶಾಲೆಯ ಶುಲ್ಕಕ್ಕೆ ಈ ತೆರಿಗೆಯಿಲ್ಲ. ಚಿಕ್ಕದಾಗಿದ್ದರೆ ವಿಶ್ವಾಸದ ಮುದ್ರೆಯಿಲ್ಲ, ದೊಡ್ಡದಾದರೆ ತೆರಿಗೆಯ ಹೊರೆ.

೮. ಭಾಷೆಯ ಸ್ವಭಾವ

ಕಡೆಯ ಕಾರಣ ಭಾಷೆಯದೇ. ಕನ್ನಡದಲ್ಲಿ ಕರ್ಮ ಮೊದಲು, ಕ್ರಿಯೆ ಕೊನೆಗೆ. ಇಂಗ್ಲಿಷಿನಲ್ಲಿ ಕ್ರಿಯೆಯ ಬಳಿಕ ಕರ್ಮ. ನಮಗೆ ಹಸಿವೂ ಜ್ವರವೂ ‘ನನಗೆ’ ಆಗುತ್ತವೆ, ಬರುತ್ತವೆ. ಇಂಗ್ಲಿಷಿನಲ್ಲಿ ಹಸಿದವನೂ ಜ್ವರ ಬಂದವನೂ ಕರ್ತೃಪದವಾಗಿ ‘ನಾನು’ ಎಂದೇ ನಿಲ್ಲಬೇಕು. ನಮ್ಮ ಪದಗಳು ಸ್ವರಾಂತ್ಯವನ್ನು ಬಯಸುವುದರಿಂದ ಬಸ್ ‘ಬಸ್ಸು’, ಬ್ಯಾಂಕ್ ‘ಬ್ಯಾಂಕು’ ಆಗುತ್ತದೆ. ಮಂಡ್ಯದ ಗ್ರಾಮ್ಯದಲ್ಲಿ ಹಾಲು ‘ಆಲು’, ಹೋಗು ‘ಓಗು’ ಆಗುವಂತೆ ಇಂಗ್ಲಿಷಿನ ಹಕಾರವೂ ಜಾರುತ್ತದೆ. ಇವು ದೋಷಗಳಲ್ಲ, ಒಂದು ಭಾಷೆಯ ಅಭ್ಯಾಸ ಇನ್ನೊಂದಕ್ಕೆ ಕಾಲಿಡುವ ಸಹಜ ರೀತಿಗಳು. ಇದನ್ನು ಅರಿತ ಅಧ್ಯಾಪಕ ಎಲ್ಲಿ ತಡೆಯುಂಟೋ ಅಲ್ಲಿ ಅಭ್ಯಾಸ ಮಾಡಿಸುತ್ತಾನೆ. ಎಲ್ಲ ಊರುಗಳಿಗೂ ಒಂದೇ ಆಗಿ ಅಚ್ಚಾದ ಪುಸ್ತಕ ಇದನ್ನು ಅರಿಯದು. ತನ್ನ ಮಾತಿಗೆ ತರಗತಿ ನಕ್ಕಿತೆಂದು ಬಾಯಿ ಮುಚ್ಚಿದ ಹುಡುಗ ಮರುದಿನ ಬರುವುದಿಲ್ಲ.

ಇದಲ್ಲದೆ, ಭಾಷೆ ಬಳಕೆಯಿಂದ ಉಳಿಯುವಂತಹದು. ಸಂಜೆ ಒಂದು ಗಂಟೆ ಇಂಗ್ಲಿಷಾಡಿದ ಹುಡುಗಿ ಹೊರಗೆ ಬಂದರೆ ಸಂತೆಯೂ ಬಸ್ಸೂ ಮನೆಯೂ ಕನ್ನಡ. ಅದು ಹಾಗೆಯೇ ಇರತಕ್ಕದ್ದು; ಆದರೆ ಕಲಿತದ್ದನ್ನು ಆಡಿ ನೋಡಲು ತಾಣವಿಲ್ಲದಿದ್ದರೆ ಅದು ಬೇಗ ಮರೆಯುತ್ತದೆ. ೨೦೧೬ರ ಬಳಿಕ ಅಗ್ಗವಾದ ಮೊಬೈಲ್ ಫೋನಿನ ಸಂಪರ್ಕ ಪುಕ್ಕಟೆಯ ಪಾಠಗಳನ್ನು ಹಳ್ಳಿಗೆ ತಂದಿತು. ೨೦೨೦ರ ಕೊರೋನಾ ಕಾಲದಲ್ಲಿ ಬಾಗಿಲು ಮುಚ್ಚಿದ ಕೇಂದ್ರಗಳ ಗಿರಾಕಿಗಳಿಗೆ ಆ ಅಭ್ಯಾಸ ಬಲವಾಯಿತು. ಫೋನು ಕೇಳಿಸುತ್ತದೆ, ತೋರಿಸುತ್ತದೆ. ಹೆದರಿದ ಹುಡುಗನಿಗೆ ಧೈರ್ಯ ಹೇಳಿ ಪ್ರತಿದಿನ ಕರೆದು ಕೂರಿಸುವ ಕೆಲಸ ಅದರಿಂದಾಗದು. ಆದರೆ ಪುಕ್ಕಟೆಯ ಮುಂದೆ ೬೦೦ ರೂಪಾಯಿ ದುಬಾರಿಯಾಗಿ ತೋರುವುದು ಸಹಜ.

೯. ಉಪಸಂಹಾರ

ಮೇಲಿನ ಕಾರಣಗಳನ್ನು ಒಟ್ಟಿಗೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಪಾಠಶಾಲೆ ಬೀಳುವುದು ನಡೆಸುವವನ ಸೋಮಾರಿತನದಿಂದಲ್ಲ, ಪೋಷಕರ ಉದಾಸೀನದಿಂದಲೂ ಅಲ್ಲ. ಭಾಷೆ ನಿಧಾನವಾಗಿ, ಚಿಕ್ಕ ಗುಂಪಿನಲ್ಲಿ, ಬಹುಕಾಲದ ವಿಶ್ವಾಸದಿಂದ ಕಲಿಯಬೇಕಾದ ವಿದ್ಯೆ. ವ್ಯಾಪಾರಕ್ಕೆ ಬೇಕಾದದ್ದು ವೇಗ, ದೊಡ್ಡ ಗುಂಪು, ಮುಂಗಡ. ಇವೆರಡೂ ಒಂದೇ ಕೊಠಡಿಯಲ್ಲಿ ಒಗ್ಗುವುದಿಲ್ಲ.

ಈ ಸೋಲಿನ ನಷ್ಟವನ್ನು ಹೊರುವವರು ಇಬ್ಬರು: ಸಾಲ ಮಾಡಿ ಬೋರ್ಡು ಹಾಕಿದ ತರುಣ ಪದವೀಧರ, ಹಾಲಿನ ಹಣದಲ್ಲಿ ಶುಲ್ಕ ಕೊಟ್ಟ ತಾಯಿ. ಮೈಸೂರಿಗೆ ಹೋಗಬಲ್ಲವರಿಗೆ ಇದರಿಂದ ಬಾಧಕವಿಲ್ಲ. ಆದುದರಿಂದ ಪೇಟೆ ಮಾಡಲಾರದ ಕೆಲಸದ ಒಂದು ಪಾಲನ್ನಾದರೂ ಕಾಲೇಜುಗಳು ವಹಿಸಿಕೊಳ್ಳಬೇಕಾದುದು ನ್ಯಾಯ. ಸಂಜೆ ಬರಿದಾಗಿರುವ ಕೊಠಡಿಗಳು ನಮ್ಮಲ್ಲಿವೆ; ಆದ್ದರಿಂದ ಬಾಡಿಗೆಯ ಚಿಂತೆಯಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಗೌರವಧನ ಪಡೆದು ಹತ್ತು ಹನ್ನೆರಡು ಮಂದಿಯ ತಂಡಗಳನ್ನು ನಡೆಸಬಹುದು. ಅವರಿಗೂ ಬೋಧನೆಯ ಅಭ್ಯಾಸವಾಗುತ್ತದೆ. ಸೇರುವಾಗಲೂ ಮುಗಿಸುವಾಗಲೂ ಪ್ರತಿಯೊಬ್ಬನ ಮಾತನ್ನು ಧ್ವನಿಮುದ್ರಿಸಿ ಪೋಷಕರಿಗೆ ಕೇಳಿಸಿದರೆ ಕಾಣದ ಸರಕು ಕಿವಿಗಾದರೂ ದಕ್ಕುತ್ತದೆ. ಶುಲ್ಕವನ್ನು ಕಟಾವಿನ ಬಳಿಕ ಪಡೆಯುವ ಔದಾರ್ಯ ಸಂಸ್ಥೆಗೆ ಸಾಧ್ಯ, ಬಡ ತರುಣನಿಗೆ ಸಾಧ್ಯವಿಲ್ಲ.

ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡದ ನವೋದಯಕ್ಕೆ ದುಡಿದವರು. ಎರಡು ಭಾಷೆಗಳೂ ಒಂದನ್ನೊಂದು ತಳ್ಳಬೇಕಾಗಿಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿ. ಕನ್ನಡವನ್ನು ಆಧಾರವಾಗಿಟ್ಟುಕೊಂಡು, ಆತುರವಿಲ್ಲದೆ, ಇಂಗ್ಲಿಷನ್ನು ಕಲಿಸುವ ಸಂಜೆಯ ತರಗತಿಯೊಂದು ಮಳವಳ್ಳಿಯ ಕಾಲೇಜಿನಲ್ಲಿ ಐದು ವರ್ಷ ಬಿಡದೆ ನಡೆದರೆ, ಮೇಲೆ ವಿವೇಚಿಸಿದ ಕಾರಣಗಳಲ್ಲಿ ಎಷ್ಟನ್ನು ನಿವಾರಿಸಬಹುದೆಂಬುದು ಆಗ ಅನುಭವದಿಂದ ತಿಳಿಯುತ್ತದೆ.